ಎಡಗೈಯ ಹೊಲಿಗೆ

ನಮ್ಮ ಸಣ್ಣ ಊರು ಎಲ್ಕೇಡರಿನ ಬಟ್ಟೆ ರಿಪೇರಿ ಅಂಗಡಿಯಲ್ಲಿ ಆರ್ಡಿತ್ ಮೂವತ್ತೆಂಟು ವರ್ಷ ಕೆಲಸ ಮಾಡಿದಳು. ಅವಳ ತಂಗಿ ಜೋಲೀನ್ ಪ್ರತಿ ವರ್ಷ ಡುಬ್ಯೂಕ್ ನಗರದಲ್ಲಿ ನಡೆಯುವ ವೈಜ್ಞಾನಿಕ ಕಥೆಗಳ ಸಮ್ಮೇಳನಕ್ಕೆ ಹೋಗಿ, ಬೇರೆ ಗ್ರಹದವರ ವೇಷ ತೊಟ್ಟು ಬಹುಮಾನ ತರುತ್ತಿದ್ದಳು. ವೇಷ ಹೊಲಿದುಕೊಡುತ್ತಿದ್ದವಳು ಆರ್ಡಿತ್. ಹನ್ನೊಂದು ವೇಷ ಹೊಲಿದರೂ ಸಮ್ಮೇಳನವನ್ನು ಅವಳು ಕಂಡಿರಲಿಲ್ಲ. ಶನಿವಾರ ಅಂಗಡಿಗೆ ರಜೆ ಇರುತ್ತಿರಲಿಲ್ಲ.

ಅವಳಿಗೆ ಅರವತ್ತೆರಡಾದಾಗ ಅಂಗಡಿ ಮುಚ್ಚಿತು.

"ಈ ಸಲ ನೀನೂ ಬಾ ಅಕ್ಕ. ವೇದಿಕೆ ಮೇಲಿಂದ ನಿನ್ನ ಹೆಸರು ಹೇಳ್ತೀನಿ," ಎಂದಳು ಜೋಲೀನ್.

ಆ ಮಾತನ್ನು ನಂಬಿ ಆರ್ಡಿತ್ ಚಳಿಗಾಲವಿಡೀ ಹಾಲಿನ ಪ್ಲಾಸ್ಟಿಕ್ ಕ್ಯಾನುಗಳನ್ನು ಕತ್ತರಿಸಿ, ಮೀನಿನ ಹುರುಪೆಯಂಥ ಸಾವಿರದ ನಾನೂರು ತುಂಡುಗಳನ್ನು ಒಂದೊಂದಾಗಿ ನಿಲುವಂಗಿಗೆ ಹೊಲಿದಳು.

ಹೋಟೆಲಿನ ಲಿಫ್ಟಿನಲ್ಲಿ ಹಸಿರು ಮುಖದ ಮುದುಕನೊಬ್ಬ ಅವಳನ್ನು ಮಾತಾಡಿಸಿದ.

"ಮೊದಲನೇ ಸಲ ಬಂದಿರೋದಾ? ಯಾವ ಗ್ರಹ ನಿಮ್ದು?"

"ಎಲ್ಕೇಡರ್."

"ಅಲ್ಲಿ ಉಸಿರಾಡೋ ಗಾಳಿ ಇದೆಯಾ?"

"ಇದೆ. ಹಂದಿ ವಾಸನೆ ಜಾಸ್ತಿ."

ಮುದುಕ ನಕ್ಕ. ಆರ್ಡಿತಳೂ ನಕ್ಕಳು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ತೀರ್ಪುಗಾರರ ಕೋಣೆಯಲ್ಲಿ ಜೋಲೀನ್ ಅರ್ಜಿ ತುಂಬಿದಳು. 'ಹೊಲಿದವರು' ಎಂಬಲ್ಲಿ ತನ್ನ ಹೆಸರನ್ನೇ ಬರೆದಳು.

"ನನ್ನ ಹೆಸರು?" ಆರ್ಡಿತ್ ಮೆಲ್ಲಗೆ ಕೇಳಿದಳು.

"ಸುಮ್ನಿರು ಅಕ್ಕ. ಈ ವಿಭಾಗದಲ್ಲಿ ತೊಟ್ಟವರೇ ಹೊಲಿದಿರಬೇಕು. ಗೆದ್ದ ಮೇಲೆ ಹೇಳ್ತೀನಲ್ಲ."

ತೀರ್ಪುಗಾರ್ತಿ ಪೆಟ್ರಾಕಿಸ್ ನಿಲುವಂಗಿಯ ಅಂಚನ್ನು ಒಳಮಗ್ಗುಲಿಗೆ ತಿರುಗಿಸಿ, ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದಳು.

"ಇಷ್ಟು ವರ್ಷದಲ್ಲಿ ಇಂಥ ಕೆಲಸ ನಾನು ನೋಡಿಲ್ಲ," ಎಂದಳು. ಆಮೇಲೆ ಹೊಲಿಗೆ ವಾಲಿದ ದಿಕ್ಕಿನ ಮೇಲೆ ಬೆರಳಿಟ್ಟಳು. "ಆದ್ರೆ ಇದು ಎಡಗೈಯವರ ಹೊಲಿಗೆ. ನೀವು ಬಲಗೈಯಲ್ಲಿ ಬರೆದ್ರಿ."

"ಬರೆಯೋದು ಬಲಗೈ, ಹೊಲಿಯೋದು ಎಡಗೈ," ಎಂದಳು ಜೋಲೀನ್.

ಪೆಟ್ರಾಕಿಸ್ ಆರ್ಡಿತಳ ಕಡೆ ತಿರುಗಿದಳು. ಆರ್ಡಿತಳ ಎಡಗೈಯಲ್ಲಿ ಗುಂಡುಪಿನ್ನು ಇತ್ತು.

"ನೀವು ಹೇಳಿ. ಬೇರೆಯವರು ಹೊಲಿದದ್ದಾದ್ರೆ ಇದನ್ನ ನಾನು ಸ್ಪರ್ಧೆಯಿಂದ ತೆಗೀಬೇಕಾಗುತ್ತೆ."

ಆರ್ಡಿತಳ ಹೊಲಿಗೆಯ ಒಳಮಗ್ಗುಲನ್ನು ಮೂವತ್ತೆಂಟು ವರ್ಷದಲ್ಲಿ ಯಾರೂ ತಿರುಗಿಸಿ ನೋಡಿರಲಿಲ್ಲ. ನೋಡಿದವಳು ಈಗ ಅವಳ ಉತ್ತರಕ್ಕೆ ಕಾಯುತ್ತಿದ್ದಳು. ನಿಜ ಹೇಳಿದರೆ ನಿಲುವಂಗಿ ಪೆಟ್ಟಿಗೆ ಸೇರುತ್ತಿತ್ತು.

"ಅವಳೇ ಹೊಲಿದದ್ದು, ಮೇಡಂ. ನಾನು ಸೂಜಿಗೆ ದಾರ ಪೋಣಿಸಿ ಕೊಟ್ಟೆ, ಅಷ್ಟೇ."

ಪೆಟ್ರಾಕಿಸ್ ಇನ್ನೇನೂ ಕೇಳದೆ ಅಂಕ ಬರೆದಳು.

ಮೊದಲ ಬಹುಮಾನ ಬಂತು. ಜೋಲೀನ್ ಮೈಕು ಹಿಡಿದು, ತಾನು ಚಳಿಗಾಲವಿಡೀ ಪಟ್ಟ ಪಾಡನ್ನು ವಿವರಿಸಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಏಳನೇ ಸಾಲಿನಲ್ಲಿ ಆರ್ಡಿತಳೂ ಎದ್ದು ನಿಂತಳು. ಕೂತಿದ್ದರೆ ನಿಲುವಂಗಿ ಕಾಣುತ್ತಿರಲಿಲ್ಲ.

ಊರಿಗೆ ಮರಳುವಾಗ ಕಾರಿನಲ್ಲಿ ಅವಳು ಕೇಳಿಯೇಬಿಟ್ಟಳು. "ಗೆದ್ದ ಮೇಲೆ ಹೇಳ್ತೀನಿ ಅಂದಿದ್ದೆಯಲ್ಲ?"

ಜೋಲೀನ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಈಗ ಹೇಗೆ ಹೇಳಲಿ ಅಕ್ಕ? ನಾನೇ ಹೊಲಿದದ್ದು ಅಂತ ನೀನೇ ತಾನೆ ಅವರಿಗೆ ಹೇಳಿದ್ದು."