ಅನ್ವರಬಿಯ ಮೊಳೆಗೆ ತೂಗಿದ ಚಾವಿ

ಯಾದಗಿರಿಯ ಒಂದು ಕಚೇರಿ ಪರಮಣ್ಣನಿಗೆ ನಾಲ್ಕು ತಿಂಗಳ ಕಾರಿನ ಬಾಡಿಗೆ ಇನ್ನೂ ಕೊಡಬೇಕು. ಸಾಹೇಬರನ್ನು ಊರೂರು ತಿರುಗಿಸಿದ್ದು ಅವನ ಕಾರು, ಸುಟ್ಟಿದ್ದು ಅವನ ಡೀಸೆಲ್. ರೊಕ್ಕ ಬರಲಿಲ್ಲ, ಕಳವಿನ ವಿಮೆ ಕಟ್ಟಲಾಗಲಿಲ್ಲ. ಆ ವಾರವೇ ಅವನೂರು ಶಹಾಪುರದ ಬಸ್‌ಸ್ಟ್ಯಾಂಡ್ ಹಿಂದಿನಿಂದ ಅಂಥದ್ದೇ ಬಿಳಿ ಕಾರು ಮಾಯವಾಯಿತು. ಕಾರು ಹೋದರೆ ಪರಮಣ್ಣನ ಅನ್ನ ಹೋದಂತೆ.

"ಎರಡು ನಮೂನಿ ಅದಾವ," ಅಂದ ಕಾರಿಗೆ ಕಳವಿನ ಅಲಾರಂ ಕೂಡಿಸುವ ಮುಜಫರ. "ಒಂದು ಬರೇ ಒದರತೈತಿ. ಇನ್ನೊಂದು ಒದರಿ, ಎಂಜಿನ್ನೂ ಬಂದ್ ಮಾಡತೈತಿ."

"ಬರೇ ಒದರೋದು ಬ್ಯಾಡ ತಮ್ಮಾ. ನಾ ಕಚೇರ್ಯಾಗ ಒದರಿ ಒದರಿ ಏನ್ ಕಿಸದೀನಿ?"

ಮುಜಫರ ನಕ್ಕು, ಸ್ಟೇರಿಂಗ್ ಕೆಳಗೆ ತಲೆ ತೂರಿಸಿ ವೈರು ಕತ್ತರಿಸಿದ. ಫ್ಯೂಸ್ ಡಬ್ಬಿಯ ಹಿಂದೆ ಒಂದು ಗುಂಡಿ ಅಡಗಿಸಿಟ್ಟ. "ರಿಮೋಟ್ ಕಳದ್ರ ಚಾವಿ ತಿರುವಿ ಇದನ್ನ ಒತ್ತು. ಎಲ್ಲೈತಿ ಅಂತ ಹೆಣ್ತಿಗೂ ಹೇಳಬ್ಯಾಡ."

ಪರಮಣ್ಣ ಹೇಳಲಿಲ್ಲ. ಆದರೆ ಅವನ ಓಣಿಗೊಂದು ರಿವಾಜಿತ್ತು. ಇಕ್ಕಟ್ಟಿನ ದಾರಿ, ಹತ್ತಿ ತುಂಬಿದ ಟ್ರ್ಯಾಕ್ಟರ್ ಬಂದರೆ ಯಾರದೇ ಗಾಡಿ ಇರಲಿ, ಇದ್ದವರು ಸರಿಸಬೇಕು. ಅದಕ್ಕೇ ಎಲ್ಲರ ಚಾವಿಯೂ ಅನ್ವರಬಿಯ ಚಾದಂಗಡಿಯ ಮೊಳೆಗೆ. ಪರಮಣ್ಣ ಎಂದಿನಂತೆ ಚಾವಿ ತೂಗುಹಾಕಿದ. ರಿಮೋಟ್ ಮಾತ್ರ ಸದ್ದಿಲ್ಲದೆ ಜೇಬಿಗಿಳಿಸಿದ. ಕಳ್ಳ ಓಣಿಯವನೇ ಆದರೆ ಸಿಕ್ಕಿಬೀಳಲಿ ಅಂತ.

ಮರುದಿನ ಬಿಲ್ಲು ಕೇಳಲು ಬಸ್ಸು ಹತ್ತಿ ಯಾದಗಿರಿಗೆ ಹೋದ. ಸಾಹೇಬರ ಮೇಜಿನ ಮುಂದೆ ನಿಂತಿದ್ದಾಗ ಫೋನು ಬಂತು. ಅನ್ವರಬಿ. ಅವಳ ದನಿಯ ಹಿಂದೆ ಸೈರನ್ ಚೀರುತ್ತಿತ್ತು.

"ಪರಮಣ್ಣ, ಇವರಿಗಿ ಎದಿ ಹಿಡದೈತಿ. ಆಂಬುಲೆನ್ಸ್ ಸುರಪುರದಿಂದ ಬರಬೇಕಂತ. ಅರ್ಜುನ ನಿನ್ನ ಗಾಡಿ ತಗದ್ರ ಒದರಾಕತ್ತೈತಿ, ಚಾಲೂನ ಆಗವಲ್ದು. ಪ್ಯಾಟಿ ಹಮಾಲ್ರು ಬಂದು ಕಳ್ಳ ಅಂತ ಅವನ ಕಾಲರ್ ಹಿಡದಾರ."

'ಇವರು' ಅಂದರೆ ಅವಳ ಗಂಡ ಅಲ್ಲಾಬಕ್ಷ, ಪರಮಣ್ಣನಿಗೆ ಗಾಡಿ ಕಲಿಸಿದವನು.

ಪರಮಣ್ಣನಿಗೆ ಗೊತ್ತು, ಗುಂಡಿಯ ಗುಟ್ಟು ಈಗ ಹೇಳಿದರೆ ಅರ್ಧ ಶಹಾಪುರ ಕೇಳುತ್ತದೆ.

"ಸ್ಪೀಕರ್ ಹಚ್ಚಕ್ಕಾ. ಅಣ್ಣಾಗೋಳ, ಅವ ನಮ್ಮ ಓಣಿ ಹುಡುಗ, ಬಿಡ್ರಿ. ಅರ್ಜುನಾ, ಚಾವಿ ತಿರುವು. ಫ್ಯೂಸ್ ಡಬ್ಬಿ ಹಿಂದ ಕೈ ಹಾಕು, ಗುಂಡಿ ಐತಿ, ಒತ್ತು."

"ಇಲ್ಲೇನೂ ಇಲ್ಲೋ ಕಾಕಾ."

"ಎಡಕ್ಕ, ಕುರುಡಾ, ಎಡಕ್ಕ."

ಸೈರನ್ ನಿಂತಿತು. ಎಂಜಿನ್ ಗುರ್ರೆಂದಿತು.

"ಇದು ಕಚೇರಿ. ಹೊರಗ ಹೋಗಿ ಒದರು," ಅಂದರು ಸಾಹೇಬರು.

ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿ ಅಲ್ಲಾಬಕ್ಷ ಉಳಿದ. ಮತ್ತೆ ಅಂಗಡಿ ತೆರೆದ ದಿನ ಅನ್ವರಬಿ ಪರಮಣ್ಣನ ಮುಂದೆ ಚಾ ಕುಕ್ಕಿದಳು. "ಓಣಿ ಮಂದಿನೆಲ್ಲಾ ಕಳ್ಳರನ್ನ ಮಾಡಿ ಹೋಗಿದ್ದಿ. ರಿಮೋಟೂ ಮೊಳಿಗಿ ಹಾಕು. ಇಲ್ಲಂದ್ರ ಗಾಡಿ ಬ್ಯಾರೆ ಕಡಿ ನಿಲ್ಲಸು."

ಪರಮಣ್ಣ ಹಾಕಿದ. ಗುಂಡಿಯ ಗುಟ್ಟು ಈಗ ಪೇಟೆಗೆಲ್ಲ ಗೊತ್ತು. ವಿಮೆ ಇಲ್ಲ. ಗಾಡಿ ಕಾಯಲು ಓಣಿಯ ಕಣ್ಣುಗಳಷ್ಟೇ.

ಬಿಲ್ಲು ಇನ್ನೂ ಸಾಹೇಬರ ಮೇಜಿನ ಮೇಲೇ ಬಿದ್ದಿದೆ; ಸೋಮವಾರ ಪರಮಣ್ಣ ಮತ್ತೆ ಕೇಳಲು ಹೋಗುತ್ತಾನೆ. ಓದುವ ನೀವು ಇಂಥ ಮೇಜಿನ ಹಿಂದೆ ಕೂತವರಾದರೆ ಇವತ್ತೇ ಸಹಿ ಹಾಕಿ. ಅಲ್ಲದಿದ್ದರೆ ಸೋಮವಾರ ಬನ್ನಿ, ಆ ಕಚೇರಿಯ ಬಾಗಿಲಲ್ಲಿ ಪರಮಣ್ಣನ ಪಕ್ಕ ನಿಲ್ಲಿ.