ಗೋಡೆಯಾಚೆಯ ಮಣ್ಣೆತ್ತು

ಅವ್ವನ ಕೋಣೆಯ ಹೊರಗೋಡೆಗೆ ಪಾಚಿ ಹಿಡಿದಿತ್ತು. ಬಣ್ಣ ಹಚ್ಚುವವನು ಬಂದು ನೋಡಿದ, ಉಗುರಿನಿಂದ ಕೆರೆದ, ಮೊದಲು ಜೋರಾಗಿ ನೀರು ಚಿಮ್ಮುವ ಮಷೀನಿನಿಂದ ತೊಳೆಸಿ, ಆಮೇಲೆ ನನ್ನನ್ನು ಕರೆಯಿರಿ ಎಂದು ಹೇಳಿ ಹೋದ. ಮಳೆ ಹಿಡಿಯುವ ಮುಂಚೆ ಆಗಬೇಕಾದ ಕೆಲಸ. ಚಳಿಗಾಲದಲ್ಲಿ ಅವ್ವ ತೀರಿಕೊಂಡ ಮೇಲೆ ಆ ಕೋಣೆಯ ಕಡೆ ನಾನು ಹೆಚ್ಚು ಹೋಗಿರಲಿಲ್ಲ. ಗೋಡೆ ಮಾತ್ರ ತನ್ನ ಪಾಡಿಗೆ ತಾನು ಹಸಿರಾಗುತ್ತ ಬಂದಿತ್ತು.

ತೆಲುಗರ ಊರಾದ ಈ ಕುಷಾಯಿಗೂಡದ ನಮ್ಮ ಓಣಿಯಲ್ಲಿ ಮನೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಅವ್ವನ ಕಿಟಕಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆ, ಅಷ್ಟೇ. ಮಷೀನಿನ ನೀರು ಕೊಡದಿಂದ ಸುರಿದ ನೀರಿನ ಹಾಗೆ ಮರ್ಯಾದೆಯಿಂದ ಕೆಳಗಿಳಿಯುವುದಿಲ್ಲ. ಗೋಡೆಗೆ ಬಡಿದು, ಪಾಚಿಯನ್ನೂ ಸುಣ್ಣವನ್ನೂ ಎಬ್ಬಿಸಿಕೊಂಡು, ಕಂಡವರ ಮನೆಗೆ ಹಾರುತ್ತದೆ. ಹಿಂದೊಮ್ಮೆ ಎದುರು ಮನೆಯವರು ಅಂಗಳ ತೊಳೆಸಿದಾಗ ನನ್ನ ಹಗ್ಗದ ಮೇಲಿನ ಬಟ್ಟೆಯೆಲ್ಲ ಕೆಸರಾಗಿ, ನಾನು ಓಣಿಗೇ ಕೇಳುವಂತೆ ತೆಲುಗಿನಲ್ಲಿ ಜಗಳ ತೆಗೆದಿದ್ದೆ. ಜಗಳಕ್ಕೆ ನನಗೆ ತೆಲುಗೇ ಸರಿ. ಕನ್ನಡದಲ್ಲಿ ಬೈದರೆ ಬೈಸಿಕೊಂಡವರಿಗೆ ತಿಳಿಯಬೇಕಲ್ಲ. ಅಷ್ಟೆಲ್ಲ ಮಾತಾಡಿದ ಮೇಲೆ ಈಗ ನನ್ನ ಸರದಿ ಬಂದಾಗ ಯಾರೂ ಬೆರಳು ತೋರಿಸಬಾರದೆಂದು ಹಟ ಹಿಡಿದೆ.

ಹಿಂದಿನ ದಿನವೇ ಪಕ್ಕದ ಮನೆಯ ಮಗನನ್ನು ಗೇಟಿನಲ್ಲಿ ನಿಲ್ಲಿಸಿ ತೆಲುಗಿನಲ್ಲಿ ಹೇಳಿದೆ: ನಾಳೆ ಗೋಡೆ ತೊಳೆಸುತ್ತೇವೆ, ಕಿಟಕಿ ಮುಚ್ಚಿಕೊಳ್ಳಿ, ಬಟ್ಟೆ ಒಣಹಾಕಬೇಡಿ. ಅವನು ಲಾರಿ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸಕ್ಕಿದ್ದ, ಮೃದು ಮಾತಿನವನು. "ಏಂ ಪರ್ಲೇದು ಆಂಟೀ," ಏನೂ ತೊಂದರೆ ಇಲ್ಲ ಎಂದ. ಮರುದಿನ ಬೆಳಿಗ್ಗೆ ಗೋಡೆಯ ಮೇಲಿಂದ ಇಣುಕಿ ನೋಡಿದೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಗೋಡೆಯಂಚಿನ ತುಳಸಿ ಬಿಟ್ಟರೆ ಏನೂ ಇರಲಿಲ್ಲ. ಈಚೆಯಿಂದಲೇ ಕೈ ಚಾಚಿ ಅವರ ತುಳಸಿಗೆ ಗೋಣಿಚೀಲ ಹೊದಿಸಿದೆ, ನಡುವಿನ ಗೋಡೆಯ ಮೇಲೆ ನೀರು ದಾಟದಂತೆ ತಾಡಪತ್ರಿ ಕಟ್ಟಿಸಿದೆ, ಮಷೀನಿನವನಿಗೆ ಪೈಪಿನ ಮೂತಿ ಕೆಳಗೇ ಇರಲಿ ಎಂದು ಸಾಕಾಗುವಷ್ಟು ಹೇಳಿದೆ. ಮಷೀನು ಗುರ್ ಎನ್ನತೊಡಗಿದ ಮೇಲೆ ಚಹಾ ಮಾಡಲು ಒಳಗೆ ಹೋದೆ.

ಆ ಮನೆಯವರು ಬಾಡಿಗೆಗೆ ಬಂದು ಮೂರು ವರ್ಷವಾಗಿರಬೇಕು. ಮಗ, ಸೊಸೆ ಇಬ್ಬರೂ ಹೊತ್ತೇರುವ ಮೊದಲೇ ದುಡಿಯಲು ಹೋಗುತ್ತಿದ್ದರು. ಉಳಿಯುತ್ತಿದ್ದವಳು ಮಗನ ತಾಯಿ, ಅವ್ವನ ವಾರಿಗೆಯ ಮುದುಕಿ. ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಕಾಳು ಹಸನು ಮಾಡುವಳು, ಬಿಸಿಲು ಬಂದರೆ ನೆರಳಿಗೆ ಸರಿಯುವಳು. ನಾನು ತೆಲುಗಿನಲ್ಲಿ ಊಟವಾಯಿತೇ ಎಂದು ಕೇಳಿದರೆ ತಲೆಯಾಡಿಸಿ ಸುಮ್ಮನಾಗುತ್ತಿದ್ದಳು. ಭಾರಿ ಬಿಗುಮಾನದವಳು ಎಂದುಕೊಂಡು ನಾನೂ ಬಿಟ್ಟೆ.

ಅವ್ವ ಬಿಡಲಿಲ್ಲ. ಶಹಾಪುರದ ಕಡೆಯ ಊರಿನಿಂದ ಅವಳನ್ನು ನಮ್ಮಲ್ಲಿಗೆ ಕರೆತಂದಾಗಿನಿಂದ ಅವಳದು ಒಂದೇ ದೂರು. ಊಟ ಚೆನ್ನಾಗಿತ್ತು, ಔಷಧ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು, ಅಳಿಯ ಒಳ್ಳೆಯವನು. "ಮಾತಾಡಾಕ ಒಂದ್ ನರಪಿಳ್ಳಿ ಇಲ್ಲಬೇ ನಿನ್ನ ಊರಾಗ," ಎನ್ನುತ್ತಿದ್ದಳು. ನಾನು ಅಂಗಡಿ, ಅಡುಗೆ, ಹೊಲಿಗೆ ಎಂದು ಓಡಾಡುತ್ತ "ಹೂಂ" ಎನ್ನುವುದು, ಅವಳು ಎಂದೋ ಸತ್ತುಹೋದ ಎಮ್ಮೆಯ ಕಥೆಯನ್ನು ಮೊದಲಿನಿಂದ ಶುರುಮಾಡುವುದು. ಕೊನೆಗೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡಳು. ಸೊಳ್ಳೆಗೆ ಹೆದರಿ ನಾನು ಆ ಕಿಟಕಿಯ ಗಾಜನ್ನು ತೆಗೆಯಲು ಬಿಡುತ್ತಿರಲಿಲ್ಲ. ಜಾಲರಿ ಹಾಕಿಸಬೇಕು ಎಂದುಕೊಳ್ಳುತ್ತಲೇ ಇದ್ದೆವು. ಗಾಜಿನ ಈಚೆ ಅವ್ವ, ಆಚೆ ಆ ಮುದುಕಿ. ಇಬ್ಬರೂ ಬೆಳಿಗ್ಗೆ ಒಬ್ಬರಿಗೊಬ್ಬರು ಕೈಮುಗಿಯುತ್ತಿದ್ದರು.

"ಮಾರಿ ಮ್ಯಾಲ ಎಷ್ಟ್ ಕಳಾ ಐತಿ ನೋಡು. ಯಾವೂರಾಕಿ ಅಂತ ಕೇಳಬೇ," ಎಂದು ಅವ್ವ ಒಂದು ದಿನ ಅಂದಳು.

"ತೆಲುಗಿನವರು ಅದಾರವ್ವಾ. ಕೇಳಿ ಏನ್ ಮಾಡ್ತಿ, ನಿನಗೇನು ತಿಳೀತದ?"

"ಅದೂ ಖರೇನ," ಎಂದಳು. ಮತ್ತೆ ಕೇಳಲಿಲ್ಲ.

ಅವ್ವ ಆಸ್ಪತ್ರೆಯಲ್ಲೇ ತೀರಿಕೊಂಡಳು. ಅಲ್ಲಿಂದಲೇ ಊರಿಗೆ ಒಯ್ದು, ಅಪ್ಪನ ಮಗ್ಗುಲಲ್ಲಿ ಮಣ್ಣು ಮಾಡಿ ಬಂದೆವು. ಹಾಗಾಗಿ ಕುಷಾಯಿಗೂಡದ ಓಣಿ ಅವ್ವನಿಗಾಗಿ ನಾವು ಅತ್ತದ್ದನ್ನು ಕೇಳಲೇ ಇಲ್ಲ.

ಚಹಾ ಕುದಿಯುತ್ತಿತ್ತು. ಮಷೀನಿನ ಸದ್ದನ್ನೂ ಮೀರಿ ಹಿತ್ತಲಿನಿಂದ ಒಂದು ಕೂಗು ಬಂತು.

"ಅಯ್ಯೋ ಶಿವನೇ! ನನ್ನ ಎತ್ತು ಕರಗಿ ಹೋದುವಲ್ಲೋ! ನಿಂದರಸೋ ತಮ್ಮಾ, ನಿಂದರಸೋ!"

ಒಂದು ಗಳಿಗೆ ನನ್ನ ಅವ್ವನೇ ಕೂಗಿದಳೆನಿಸಿತು. ಒಲೆ ಆರಿಸದೆ ಓಡಿ, ಕೈಬೀಸಿ ಮಷೀನು ನಿಲ್ಲಿಸಿದೆ. ಗಾಳಿಗೆ ತಾಡಪತ್ರಿಯ ಒಂದು ತುದಿ ಬಿಚ್ಚಿಕೊಂಡಿತ್ತು. ಮಷೀನಿನವನು ಕಿಟಕಿಯ ಮೇಲ್ಭಾಗಕ್ಕೆ ನೀರು ಹೊಡೆಯಲು ಮೂತಿ ಎತ್ತಿದ್ದ, ಅಲ್ಲಿಂದ ಚಿಮ್ಮಿದ್ದೆಲ್ಲ ಗೋಡೆ ದಾಟಿತ್ತು. ನಾನು ಬೆಳಿಗ್ಗೆ ನೋಡಿ ಬಂದ ಮೇಲೆ ಮುದುಕಿ ಆ ಒಗೆಯುವ ಕಲ್ಲಿನ ಮೇಲೆ ಹಸಿ ಮಣ್ಣಿನ ಎತ್ತುಗಳನ್ನು ಒಣಗಲು ಇಟ್ಟಿದ್ದಳು. ಈಗ ಅಲ್ಲಿ ಕಪ್ಪು ರಾಡಿ, ಪಾಚಿಯ ಚೂರು, ಕಣ್ಣಿಗೆಂದು ಒತ್ತಿದ್ದ ಜೋಳದ ಕಾಳು. ಮುದುಕಿ ಮೊಣಕಾಲು ಹಿಡಿದುಕೊಂಡು ಆ ರಾಡಿಯನ್ನು ಸೆರಗಿನಿಂದ ತಡೆಯುತ್ತಿದ್ದಳು.

ಮರುದಿನ ಮಣ್ಣೆತ್ತಿನ ಅಮಾವಾಸ್ಯೆ, ಮಣ್ಣಿನ ಎತ್ತು ಮಾಡಿ ಪೂಜಿಸುವ ದಿನ. ನನಗೆ ನೆನಪೇ ಇರಲಿಲ್ಲ.

"ಅವ್ವಾರ, ನೀವು ಕನ್ನಡದವರೇನ್ರಿ?"

ಅವಳು ತಲೆ ಎತ್ತಿದಳು. ಸಿಟ್ಟಾಗಲು ಬಾಯಿ ತೆರೆದವಳು ಸೆರಗು ಬಿಟ್ಟು ನನ್ನ ಕಡೆ ತಿರುಗಿದಳು.

"ಮತ್ತ ನೀನು?"

"ನಾವೂ ಶಹಾಪುರದ ಕಡೆಯಾವ್ರ ರೀ."

"ಮೂರು ವರ್ಷದಿಂದ ತೆಲಗ ಮಾತಾಡ್ತಿದ್ದೆಲ್ಲ!"

"ನಿಮ್ಮ ಮಗಾನೂ ತೆಲುಗಿನ್ಯಾಗ ಮಾತಾಡ್ತಿದ್ದ ರೀ."

"ಅಂವ ಹೊರಗ ಕನ್ನಡ ಆಡಂಗಿಲ್ಲವ್ವಾ. ಆಡಿದರ ಜನ ಹೊರಗಿನವರು ಅಂತಾರಂತ. ನನಗ ತೆಲಗ ಬರಂಗಿಲ್ಲ, ತಪ್ಪಾದರ ನಗತಾರ ಅಂತ ಬಾಯಿ ಬಿಗದು ಕುಂತೆ."

ನಾವೂ ಹಾಗೆಯೇ. ಓಣಿಗೆ ಕಾಲಿಟ್ಟ ಕೂಡಲೇ ಚಪ್ಪಲಿ ಮೆಟ್ಟಿದಷ್ಟೇ ಸಲೀಸಾಗಿ ತೆಲುಗು ಮೆಟ್ಟುತ್ತೇವೆ. ಅದರಲ್ಲಿ ನಾಚಿಕೆಯೂ ಇಲ್ಲ, ಹೆಮ್ಮೆಯೂ ಇಲ್ಲ, ರೂಢಿ. ಗೋಡೆಯ ಆಚೆಯವರೂ ಹಾಗೇ ಮೆಟ್ಟಿಕೊಂಡಿರಬಹುದು ಎಂದು ಮಾತ್ರ ನನಗೆ ಹೊಳೆಯಲಿಲ್ಲ.

ನೀರು ಮತ್ತೆ ಆ ಕಡೆ ಹೋಗದಂತೆ ಮೇಲ್ಗೋಡೆಯ ಪಾಚಿಯನ್ನು ಬ್ರಷ್ಷಿನಿಂದಲೇ ಉಜ್ಜು ಎಂದು ಮಷೀನಿನವನಿಗೆ ಹೇಳಿ, ಬಕೆಟ್ಟು ಹಿಡಿದು ಪಕ್ಕದ ಮನೆಗೆ ಹೋದೆ. ಮೂರು ವರ್ಷದಲ್ಲಿ ಅವರ ಹಿತ್ತಲಿಗೆ ಕಾಲಿಟ್ಟದ್ದು ಅದೇ ಮೊದಲು. ಬಾಗಿಲು, ಮೆಟ್ಟಿಲು ತೊಳೆದೆ, ತುಳಸಿಯ ಗೋಣಿಚೀಲ ತೆಗೆದು ಎಲೆ ಒರೆಸಿದೆ. "ತಪ್ಪಾತ್ರಿ, ಎತ್ತು ಇಟ್ಟೀರಿ ಅಂತ ನೋಡಲಿಲ್ಲ," ಎಂದೆ.

"ನಾನೂ ಹೇಳಬೇಕಿತ್ತು ಬಿಡು. ಮಗ ಕಿಟಕಿ ಮುಚ್ಚು ಅಂದಿದ್ದ, ಹಿತ್ತಲಕ್ಕ ನೀರು ಬರತದ ಅಂತ ಅನ್ನಲಿಲ್ಲ." ಅವಳು ಮೆಟ್ಟಿಲ ಮೇಲೆ ಕೂತಳು. "ವರ್ಷಾ ಈ ಅಮಾಸಿಗೆ ಊರಿಗೇ ಹೋಗ್ತಿದ್ದೆ. ಈ ಸಲ ಮೊಣಕಾಲು ಏಳಗೊಡವಲ್ಲವು. ಎತ್ತಿಲ್ಲದ ಮನ್ಯಾಗ ಅಮಾಸಿ ಹ್ಯಾಂಗ ಮಾಡ್ಲಿ ಅಂತ ಅತ್ತೆ. ಮಗ ಊರಿಂದ ಬಸ್ಸಿನ್ಯಾಗ ಕರಿ ಎರಿ ಮಣ್ಣು ತರಿಸಿ ಕೊಟ್ಟ. ಇದ್ದದ್ದೇ ಇಷ್ಟು."

ಆ ರಾಡಿಯಲ್ಲಿನ ಪಾಚಿ, ಸುಣ್ಣದ ಚೂರುಗಳನ್ನು ನಾನು ಒಂದೊಂದಾಗಿ ಹೆಕ್ಕಿದೆ. ನೀರು ಬಸಿದು, ಬಟ್ಟೆಯ ಮೇಲೆ ಹರವಿ, ಬಿಸಿಲಿಗೆ ಸ್ವಲ್ಪ ಗಟ್ಟಿಯಾದ ಮೇಲೆ ಇಬ್ಬರೂ ಕಲಸಲು ಕೂತೆವು. ಅವಳ ಬೆರಳು ತಾನಾಗಿ ಡುಬ್ಬ ಎತ್ತುತ್ತಿತ್ತು. ನಾನು ಮಾಡಿದ್ದು ಎತ್ತಿಗಿಂತ ಆಡಿನ ಹಾಗಿತ್ತು, ನೋಡಿ ನಕ್ಕಳು. ನಗುತ್ತ ಮಾತಿಗೆ ಶುರುಮಾಡಿದಳು. ಮಳೆ, ಜೋಳ, ತವರು, ಸತ್ತ ಎಮ್ಮೆ. ಅವಳಿಗೂ ಒಂದು ಸತ್ತ ಎಮ್ಮೆಯಿತ್ತು. ಕಟ್ಟೆ ಒಡೆದಂತೆ ಬರುತ್ತಿದ್ದ ಆ ಮಾತು ಕೇಳುತ್ತ ನನಗೆ ಅಳು ಬಂತು. ಇದನ್ನು ಕೇಳಬೇಕಾದವಳು ನಾನಾಗಿರಲಿಲ್ಲ.

"ಅಳಬ್ಯಾಡ, ಮಣ್ಣು ಮಣ್ಣಾಗಿತ್ತು, ಅಷ್ಟ. ಕಲಸಿದರ ಮತ್ತ ಎತ್ತಾಗ್ತಾವ," ಎಂದಳು, ನಾನು ಎತ್ತಿಗಾಗಿ ಅಳುತ್ತಿದ್ದೇನೆಂದುಕೊಂಡು.

ಆಮೇಲೆ ಅವಳ ಕಣ್ಣು ಗೋಡೆಯ ಆಚೆ ಹೋಯಿತು. ತೊಳೆದ ಕಿಟಕಿಯ ಗಾಜು ಬಿಸಿಲಿಗೆ ಹೊಳೆಯುತ್ತಿತ್ತು, ಒಳಗಿನ ಖಾಲಿ ಕುರ್ಚಿ ಇಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಅವ್ವನಿಗೆ ಈ ಮೆಟ್ಟಿಲು ಎಷ್ಟು ಹತ್ತಿರ ಕಂಡಿರಬೇಕೆಂದು ಆಗ ತಿಳಿಯಿತು.

"ಅಲ್ಲಿ ಒಬ್ಬಾಕಿ ಕುಂದರತಿದ್ದಳಲ್ಲ, ದಿನಾ ಕೈ ಮುಗೀತಿದ್ದಳು. ನಿಮ್ಮ ಅತ್ತಿಯೇನು?"

"ನಮ್ಮವ್ವ ರೀ. ಚಳಿಗಾಲದಾಗ ಹೋದಳು."

ಮುದುಕಿಯ ಕೈ ಮಣ್ಣಿನಲ್ಲಿ ನಿಂತಿತು.

"ಆಕಿಗೂ ಕನ್ನಡ ಬರ್ತಿತ್ತೇನು?"

"ಆಕಿಗೆ ಬರೇ ಕನ್ನಡನ ಬರ್ತಿತ್ತು ರೀ," ಎಂದೆ.