ಓಲೆಗರಿಗೆ ಎಣ್ಣೆ ಹಚ್ಚಿದವರು ಯಾರು?

ಈ ಅನುಭವಕ್ಕೆ ನಾನು ತೆತ್ತದ್ದು ಹಾನಗಲ್ಲಿನಿಂದ ಸವಣೂರಿಗೆ ಬಸ್ ಚಾರ್ಜು, ಒಂದು ದಿನದ ವ್ಯಾಪಾರ, ಮತ್ತು ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ. ಮೊದಲೆರಡು ಬೇಗನೇ ವಸೂಲಾದವು. ಅಲ್ಲಿಯವರೆಗೆ ಇಂಥ ನಂಬಲಾಗದ ಕಥೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು.

ನಾನು, ಗಿರಿಜಾ ಇಬ್ಬರೂ ಇತಿಹಾಸ ಓದಿ ಒಟ್ಟಿಗೇ ಬಿ.ಎ. ಮುಗಿಸಿದವರು. ನಾನು ಹಾನಗಲ್ಲಿನಲ್ಲಿ ಹಳೆಯ ಹಿತ್ತಾಳೆ ಸಾಮಾನಿನ ಅಂಗಡಿ ಇಟ್ಟೆ. ಅವಳು ಗ್ರಂಥಾಲಯ ವಿಜ್ಞಾನ ಓದಿ ಹಸ್ತಪ್ರತಿ ಭಂಡಾರ ಸೇರಿದಳು. ‘ಧೂಳು ಜಾಡಿಸೋದೂ ಒಂದು ನೌಕರಿ ಏನ?’ ಎಂದು ಚುಚ್ಚಿದರೆ, ‘ನೀನೂ ಅದನ್ನ ಮಾಡ್ತಿ, ಮ್ಯಾಲೆ ರೇಟ್ ಹಚ್ತಿ’ ಎಂದು ನಗುತ್ತಿದ್ದಳು. ಅವಳ ಕೊರಳಿನ ಗುರುತಿನ ಚೀಟಿ ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಸವಣೂರಿನ ಆಚಾರ್ಯರೊಬ್ಬರ ಮನೆಯ ದೇವರ ಕೋಣೆಯಲ್ಲಿ ಕೆಂಪು ಬಟ್ಟೆಯ ಗಂಟೊಂದರಲ್ಲಿ ಓಲೆಗರಿಗಳಿದ್ದವು. ದಸರೆಗೊಮ್ಮೆ ಗಂಟಿಗೇ ಕುಂಕುಮ ಹಚ್ಚಿ ಪೂಜಿಸುತ್ತಿದ್ದರೇ ಹೊರತು ಯಾರೂ ಬಿಚ್ಚುತ್ತಿರಲಿಲ್ಲ. ನಾನು ಎಷ್ಟು ಸಲ ಹೋಗಿ ಕೇಳಿದರೂ ಆ ಮನೆಯ ಅಜ್ಜಿ ಚಹಾ ಕುಡಿಸಿ ಕಳಿಸುತ್ತಿದ್ದರು. ಭಂಡಾರಕ್ಕೆ ಅದು ಬೇಕಾಗಿ ಗಿರಿಜಾ ನನ್ನಲ್ಲಿಗೆ ಬಂದಳು. ಬೆಳಗಿನಿಂದ ಸಂಜೆಯವರೆಗೆ ಅಂಗಡಿಯಲ್ಲಿ ಕೂತು ಹೇಗೆ ಮಾತಾಡಬೇಕೆಂದು ಕೇಳಿಕೊಂಡಳು. ರಾತ್ರಿ ನಮ್ಮ ಮನೆಯಲ್ಲೇ ಮಲಗಿದಳು. ನಾನೇ ಗಂಟು ಕುದುರಿಸಿಕೊಟ್ಟು, ಅವಳ ಓದಿಗಿಂತ ನನ್ನ ವ್ಯವಹಾರ ದೊಡ್ಡದೆಂದು ತೋರಿಸಬೇಕೆಂದಿದ್ದೆ.

ಮರುದಿನ ಮಧ್ಯಾಹ್ನ ನಾವು ಹೊಸ್ತಿಲು ದಾಟುತ್ತಿದ್ದಂತೆ ಅಜ್ಜಿ ನನ್ನತ್ತ ನೋಡದೆ ಗಿರಿಜಾಳಿಗೆ, ‘ಬಾ ತಂಗಿ. ನಿನ್ನೆ ಹೇಳಿದ್ಹಂಗ ಬಂದಿ. ತೆಗೆದಿಟ್ಟೇನಿ, ಒಯ್ಯಿ’ ಎಂದರು.

‘ನಿನ್ನೆ ಯಾರೂ ಬಂದಿಲ್ರಿ ಅತ್ತಿ. ಇಡೀ ದಿನ ನಾ ಇಲ್ಲೇ ಇದ್ದೆ,’ ಎಂದಳು ಸೊಸೆ.

‘ಇದ್ದಿ, ಟೀವಿ ಮುಂದ ಇದ್ದಿ,’ ಅಜ್ಜಿ ಗದರಿದರು. ‘ಇಕಿ ಇಲ್ಲೇ ಕೂತು ಒಂದೊಂದ ಗರಿಗೆ ಎಣ್ಣಿ ಹಚ್ಚಿದ್ಳು.’

ಗಿರಿಜಾ ಸವಣೂರಿಗೆ ಬಂದದ್ದೇ ಅದು ಮೊದಲು. ಗಂಟು ಬಿಚ್ಚಿದಳು. ಗರಿ ಮುರಿಯದಿರಲೆಂದು ಭಂಡಾರದಲ್ಲಿ ಹಚ್ಚುವ ನಿಂಬೆಹುಲ್ಲಿನ ಎಣ್ಣೆಯ ವಾಸನೆ ಕೋಣೆ ತುಂಬಿತು. ಗರಿಗಳು ಇನ್ನೂ ಜಿಡ್ಡಾಗಿದ್ದವು.

‘ನಿನ್ನಿ ನಾ ನಿನ್ನ ಕೂಡನ ಇದ್ದೆ, ಹೌದಲ್ಲ?’ ಎಂದಳು. ಗರಿ ಕೆಳಗಿಟ್ಟು ನನ್ನ ಕಡೆ ತಿರುಗಿದ್ದಳು.

ಹೌದು, ಇದ್ದಳು. ಅಂಥ ಹೊತ್ತಿನಲ್ಲೂ ನನಗೆ ಹೊಳೆದದ್ದು ಒಂದೇ: ನಾನು ಅಷ್ಟು ಸಲ ಬಂದಿದ್ದೆ, ಬಾರದವಳನ್ನು ಅಜ್ಜಿ ನೆನಪಿಟ್ಟಿದ್ದಾರೆ!

ಮುಪ್ಪಿನ ಭ್ರಮೆ ಎನ್ನೋಣವೆಂದರೆ, ಆ ಎಣ್ಣೆ? ನನಗೆ ಇಂದಿಗೂ ತಿಳಿದಿಲ್ಲ.

ಇತಿಹಾಸ ಓದಿದವರಿಗೆ ನನ್ನ ಸಲಹೆ ಇಷ್ಟು. ಡಿಗ್ರಿ ಹಿಡಿದು ಸುಮ್ಮನೆ ಕೂರಬೇಡಿ, ಗ್ರಂಥಾಲಯ ವಿಜ್ಞಾನ ಮಾಡಿ. ಜೊತೆಗೆ ಹಳೆಯ ಮರಾಠಿ ದಫ್ತರಗಳ ಮೋಡಿ ಲಿಪಿ ಕಲಿತರೆ ನಮ್ಮ ಕಡೆ ಇನ್ನೂ ಬೆಲೆ. ಹಳೆಯ ಮನೆಗೆ ಹೋದರೆ ಮೊದಲು ಕೈ ತೊಳೆದು ಅಲ್ಲಿನ ಸಾಮಾನು ಮುಟ್ಟಿ, ರೇಟಿನ ಮಾತು ಆಮೇಲೆ. ಈಗ ನಾನೂ ಹಾಗೆಯೇ ಮಾಡುತ್ತೇನೆ. ಆದರೆ ‘ನಿನ್ನೆ ಬಂದಿದ್ದಿ ಅಲ್ಲ’ ಎಂದು ಯಾವ ಮನೆಯಲ್ಲೂ ನನಗೆ ಈವರೆಗೆ ಯಾರೂ ಹೇಳಿಲ್ಲ.